ಹಳೇ ಆಂಟೆನಾ ಇಳಿಸಿದ ದಿನ

ದುರುಗೇಶ್ ಮತ್ತು ಪರಶುರಾಮ್ ಹೊನ್ನಾಳಿಯಲ್ಲಿ ಒಂದೇ ಓಣಿಯವರು. ಎಂಟು ವರ್ಷ ಒಂದೇ ಬೈಕಿನಲ್ಲಿ ಸುತ್ತಾಡಿ ಹಳ್ಳಿ ಮನೆಗಳಿಗೆ ಫ್ರೀ ಡಿಶ್ ಕೂರಿಸುತ್ತಿದ್ದರು. ಒಂದು ಸಲ ಡಿಶ್ಶಿನ ಛತ್ರಿ ನಿಲ್ಲಿಸಿ ಬಾಕ್ಸ್ ಜೋಡಿಸಿದರೆ ಮುಗಿಯಿತು, ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವ ತಾಪತ್ರಯವಿಲ್ಲ. ಹಾಗಾಗಿ ಕೆಲಸಕ್ಕೆ ಬರ ಇರಲಿಲ್ಲ. ಪರಶುರಾಮ್ ಮಾಳಿಗೆ ಮೇಲೆ ನಿಂತು ಛತ್ರಿಯನ್ನು ಎಳ್ಳಷ್ಟೆಳ್ಳಷ್ಟು ತಿರುಗಿಸುತ್ತ "ಬಂತಾ?" ಅನ್ನುವನು. ಕೆಳಗೆ ಟಿವಿ ಮುಂದೆ ಕೂತ ದುರುಗೇಶ್ "ಬಂತು, ತಡಿ, ಹೋತು" ಅನ್ನುವನು. ಹತ್ತಿರದ ಊರಲ್ಲಿ ಕೆಲಸವಿದ್ದ ದಿನ ಇಬ್ಬರಿಗೂ ಊಟ ಪರಶುರಾಮನ ಮನೆಯಲ್ಲೇ. ಅವನ ಹೆಂಡತಿ ಮಮತಾ ದುರುಗೇಶನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

ಹೋದ ಆಷಾಢದಲ್ಲಿ ನ್ಯಾಮತಿ ಹತ್ತಿರದ ಒಂದು ಹಳ್ಳಿಯಿಂದ ಪ್ರೇಮಲತಾ ಅನ್ನುವವರು ಕರೆಸಿದರು. ಅವರ ಅತ್ತೆ ಸೊಂಟ ಮುರಿದು ಮಲಗಿದ್ದರು. ದಿನ ಕಳೆಯಲು ಒಂದು ಟಿವಿಯಾದರೂ ಇರಲಿ ಎಂದು ಮನೆಯವರ ಆಸೆ. ಸುತ್ತ ತೆಂಗಿನ ಮರ. ಛತ್ರಿಗೆ ಆಗ್ನೇಯ ದಿಕ್ಕಿನ ಆಕಾಶ ತೆರವಾಗಿ ಕಾಣುವುದು ಮಾಳಿಗೆಯ ಒಂದೇ ಮೂಲೆಯಿಂದ. ಆ ಮೂಲೆಯಲ್ಲಿ ಹಳೇ ಕಾಲದ ಆಂಟೆನಾ ನಿಂತಿತ್ತು. ಇಪ್ಪತ್ತು ಅಡಿಯ ಕಬ್ಬಿಣದ ಪೈಪು, ತುದಿಯಲ್ಲಿ ಮೀನಿನ ಮುಳ್ಳಿನಂಥ ಕಡ್ಡಿಗಳು. ಅದರಿಂದ ಚಿತ್ರ ಬರುವುದು ನಿಂತು ವರ್ಷಗಳೇ ಆಗಿದ್ದವು. ಮೊದಲು ಅದನ್ನು ಇಳಿಸಬೇಕಿತ್ತು. ಮನೆಯಿಂದ ಹತ್ತು ಅಡಿ ಆಚೆಗೆ ಕರೆಂಟಿನ ಲೈನು ಹಾದುಹೋಗಿತ್ತು. ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸೋಣವೇ ಎಂದು ದುರುಗೇಶ್ ಕೇಳಿದ. ಅವನು ಬರುವಷ್ಟರಲ್ಲಿ ಸಂಜೆಯಾಗುತ್ತೆ, ನೀನು ಗಟ್ಟಿ ಹಿಡಿದಿದ್ದರೆ ಸಾಕು ಎಂದ ಪರಶುರಾಮ್.

ದುರುಗೇಶ್ ಎರಡೂ ಕೈಯಲ್ಲಿ ಪೈಪು ತಬ್ಬಿ ನಿಂತ. ಪರಶುರಾಮ್ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ತುಕ್ಕು ಹಿಡಿದ ಕ್ಲಾಂಪು ಬಿಚ್ಚಿ, ಪೈಪಿಗೆ ಕೈ ಹಾಕಿದ. ಆಗ ದುರುಗೇಶನ ಅಂಗಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನಿಂತು ಮತ್ತೆ ಬಡಿಯಿತು. ಯಾರಿಗೇನಾಯಿತೋ ಎಂದು ಅವನು ಒಂದು ಕೈ ಬಿಟ್ಟು ಫೋನ್ ತೆಗೆದು ನೋಡಿದ. ಮಮತಾ. ಅಷ್ಟರಲ್ಲಿ ಗಾಳಿ ಬೀಸಿತು. ಪೈಪು ವಾಲಿತು. ಒಂದು ಕೈಗೆ ಅದು ತಡೆಯಲಿಲ್ಲ, ಜಾರಿ ಲೈನಿಗೆ ತಾಗಿತು. ಬುಡ ಪರಶುರಾಮನ ಕೈಯಲ್ಲೇ ಇತ್ತು.

ಪರಶುರಾಮ್ ಕೂಗಲೂ ಇಲ್ಲ. ಆಸ್ಪತ್ರೆಗೆ ಒಯ್ಯುವ ಮೊದಲೇ ಜೀವ ಹೋಗಿತ್ತು.

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಮಣ್ಣು ಮಾಡಿ ಬಂದ ಮೇಲೆ ಮಮತಾ ದುರುಗೇಶನನ್ನು ಕೂರಿಸಿಕೊಂಡು ಹೇಗಾಯಿತು ಎಂದು ಕೇಳಿದಳು. ಪಾಚಿಯ ಮೇಲೆ ಚಪ್ಪಲಿ ಜಾರಿತು, ಕೈ ತಪ್ಪಿತು ಎಂದ. ಮಧ್ಯಾಹ್ನ ಬರುತ್ತೀರಾ, ರೊಟ್ಟಿ ಬಡಿಯಲಾ ಎಂದು ಕೇಳಲು ಗಂಡನಿಗೆ ಫೋನ್ ಮಾಡಿದ್ದೆ, ಅವನು ಎತ್ತದಿದ್ದಾಗ ನಿಮಗೂ ಮಾಡಿದ್ದೆ ಎಂದು ಅವಳು ಹೇಳಿದಳು. ಎರಡೂ ಫೋನು ಬೈಕಿನ ಚೀಲದಲ್ಲಿದ್ದವು ಎಂದು ದುರುಗೇಶ್ ಸುಳ್ಳು ಹೇಳಿದ. ಅವಳು ಅವನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದಳು. ಸವೆದ ಚಪ್ಪಲಿ ಹಾಕ್ಕೊಂಡು ಮಾಳಿಗೆ ಹತ್ತಿದ್ರಾ ಎಂದು ಕೇಳಿ ಒಳಗೆ ಹೋದಳು. ಆಮೇಲೆ ಅವನೊಡನೆ ಮಾತು ಬಿಟ್ಟಳು. ತಿಂಗಳು ಕಳೆದ ಮೇಲೆ ಜಗಳೂರಿನ ತವರಿಗೆ ಹೋದಳು.

ದುರುಗೇಶನಿಗೆ ಮತ್ತೆ ಮಾಳಿಗೆ ಹತ್ತಲಾಗಲಿಲ್ಲ. ಏಣಿಯ ಮೂರನೇ ಮೆಟ್ಟಿಲಿನಿಂದಲೇ ಇಳಿದುಬಿಡುತ್ತಿದ್ದ. ಛತ್ರಿಗಳನ್ನು ಅಂಗಡಿಗೆ ವಾಪಸು ಕೊಟ್ಟು, ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದ.

ಕಾರ್ತೀಕದಲ್ಲಿ ಒಂದು ಮಧ್ಯಾಹ್ನ ಮಮತಾ ಮಂಡಿ ಬಾಗಿಲಿಗೆ ಬಂದು ನಿಂತಳು. ಜಗಳೂರಿನಿಂದ ದಾವಣಗೆರೆಗೆ ಬಂದು ಬಸ್ಸು ಬದಲಿಸಿ ಬಂದಿದ್ದಳು. ಮೈ ಇಳಿದುಹೋಗಿತ್ತು. ಏನೋ ಅರ್ಜಿಗೆ ಬೇಕೆಂದು ಪೊಲೀಸ್ ಕಾಗದಗಳ ನಕಲು ತರಿಸಿದ್ದಳಂತೆ. ಅದರಲ್ಲಿ ಪ್ರೇಮಲತಾ ಕೊಟ್ಟ ಹೇಳಿಕೆ ಇತ್ತು. ಅಂಗಳದಿಂದ ಅವರು ಎಲ್ಲವನ್ನೂ ನೋಡಿದ್ದರು.

"ಫೋನು ನಿಮ್ಮ ಕೈಯಾಗಿತ್ತಂತೆ," ಎಂದಳು.

ದುರುಗೇಶ್ ಚೀಲ ಹೊಲಿಯುವ ದಬ್ಬಳ ಕೆಳಗಿಟ್ಟ. ನಿನ್ನ ಫೋನಲ್ಲ, ಬೇರೆ ಯಾರೋ ಮಾಡಿದ್ದರು ಎನ್ನಲು ಬಾಯಿ ತೆರೆದ. ಅವಳ ಮುಖ ನೋಡಿ, ಹೌದು ಎಂದ.

"ನನ್ನ ಸಲುವಾಗಿ ಸುಳ್ಳು ಹೇಳಿದ್ರಿ. ಗೊತ್ತಾತು."

"ನೀನೇನು ಮಾಡಿದ್ದಿ ತಂಗೆಮ್ಮ? ಊಟಕ್ಕೆ ಕರೆದಿ. ಕೈ ಬಿಟ್ಟೋನು ನಾನು."

"ನಾಕು ತಿಂಗಳು ದಿನಾ ಎದ್ದು ನಿಮ್ಮನ್ನ ಶಪಿಸಿದೆ ಅಣ್ಣಾ. ನಿಮ್ಮ ಮಕ್ಕಳನ್ನೂ ಬಿಡಲಿಲ್ಲ. ಆ ಸಿಟ್ಟು ಇದ್ದಾಗ ಹೆಂಗೋ ದಿನ ಹೋಗ್ತಿತ್ತು. ಈಗ ಯಾರನ್ನ ಬೈಯಲಿ?"

ನನ್ನನ್ನೇ ಬೈಯಿ, ಮುಂಚಿನ ಹಾಗೇ ಬೈಯಿ ಎಂದ. ಆಗೋದಿಲ್ಲ ಎಂದು ಅವಳು ತಲೆಯಾಡಿಸಿದಳು. ಊಟ ಮಾಡಿ ಹೋಗು ಎಂದದ್ದಕ್ಕೂ ಬೇಡವೆಂದಳು.

ಅವನು ಬಸ್ ನಿಲ್ದಾಣದವರೆಗೂ ಅವಳ ಹಿಂದೆ ನಡೆದ. ದಾವಣಗೆರೆ ಬಸ್ಸು ಬಂತು. ಅವಳು ಹತ್ತಿ, ಆ ಕಡೆಯ ಸೀಟಿನಲ್ಲಿ ಕೂತು, ಸೆರಗು ತಲೆಗೆ ಎಳೆದುಕೊಂಡಳು. ಬಸ್ಸು ಹೋಯಿತು. ಮಂಡಿಯಲ್ಲಿ ಇನ್ನೂ ಮೂವತ್ತು ಚೀಲ ಬಾಯಿ ತೆರೆದುಕೊಂಡಿದ್ದವು. ದುರುಗೇಶ್ ವಾಪಸು ಹೋಗಿ ಸಂಜೆಯೊಳಗೆ ಎಲ್ಲವನ್ನೂ ಹೊಲಿದ.