ನೆಲ ಒಣಗುವವರೆಗೆ

"ಕಾಲು ತೊಳೆದು ಬನ್ನಿ ಅಕ್ಕ," ಎಂದುಬಿಟ್ಟ ಸೀನ, ವಿನೋದಿನಿ ಹೊಸ್ತಿಲು ದಾಟಲು ಕಾಲೆತ್ತಿದ್ದಾಗ. ಎಂದವನೇ ನಾಲಗೆ ಕಚ್ಚಿಕೊಂಡ. "ಮಾಫ್ ಮಾಡಿ. ದಿನಾ ಹೇಳಿ ಅಭ್ಯಾಸ. ಇವತ್ತು ಹಾಗೇ ಬನ್ನಿ."

ವಿನೋದಿನಿ ಹಾಗೇ ಹೋಗಲಿಲ್ಲ. ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಬಾಲ್ದಿಯಿಂದ ಒಂದು ಚೊಂಬು ನೀರು ತೆಗೆದು ಪಾದಕ್ಕೆ ಹೊಯ್ದುಕೊಂಡಳು. ಮುಲುಂಡಿನಿಂದ ದಾದರಿಗೆ ಒಂದು ಲೋಕಲ್, ಅಲ್ಲಿಂದ ಬಾಂದ್ರಾಕ್ಕೆ ಇನ್ನೊಂದು. ಎರಡರಲ್ಲೂ ನಿಂತೇ ಬಂದಿದ್ದಳು. ಸಣ್ಣ ಮಗುವಿಗೆ ನಾಯಿಕೆಮ್ಮು, ವಾರದಿಂದ ಅವಳಿಗೆ ನಿದ್ದೆಯಿಲ್ಲ. ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಬೆಳಿಗ್ಗೆ ಸುದ್ದಿ ತಂದ ಸೀನನ ಹಿಂದೆ ಹೊರಟು ಬಂದಿದ್ದಳು. ತಣ್ಣೀರು ಬಿದ್ದಾಗ ಕಾಲಿಗೆ ಹಾಯೆನಿಸಿತು. ಅಪ್ಪ ಸತ್ತಿದ್ದಾನೆ, ಅಳು ಬರಬೇಕಿತ್ತು. ಹದಿನೇಳು ವರ್ಷ ಮುಖ ನೋಡದವನಿಗಾಗಿ ಅದನ್ನು ಎಲ್ಲಿಂದ ತರುವುದು?

ಸೀನನೂ ಸೇರಿ ಒಳಗೆ ಹತ್ತು ಗಂಡಸರು ಗೋಡೆಗೊರಗಿ ನಿಂತಿದ್ದರು. ಎಲ್ಲರೂ ಸ್ಟೇಷನ್ ಹತ್ತಿರದ ಹೋಟೆಲಿನವರು. ಕೆಲವರ ಪಂಚೆಯ ಮೇಲೆ ಬೆಳಗಿನ ಚಟ್ನಿಯ ಕಲೆ ಇನ್ನೂ ಒಣಗಿರಲಿಲ್ಲ. ನಡುವೆ ಚಾಪೆಯ ಮೇಲೆ ಅವಳಪ್ಪ ಕೊರಗಪ್ಪ ಮಲಗಿದ್ದ. ವಿನೋದಿನಿ ಮುಖವನ್ನು ಆಮೇಲೆ ನೋಡಿದಳು. ಮೊದಲು ಕಣ್ಣಿಗೆ ಬಿದ್ದದ್ದು ಅವರೆಲ್ಲ ಒಟ್ಟಿಗಿರುವ ಆ ಒಂದೇ ಕೋಣೆ, ಖೋಲಿ.

ಹನ್ನೊಂದು ಟ್ರಂಕುಗಳು ಒಂದೇ ಸಾಲಿನಲ್ಲಿ, ಹಿಡಿ ಹೊರಗೆ ಮಾಡಿ ಕುಳಿತಿದ್ದವು. ಸುತ್ತಿದ ಚಾಪೆಗಳು ಅಟ್ಟದ ಮೇಲೆ. ಹಗ್ಗದಲ್ಲಿ ಅಂಗಿಗಳು, ಬೆಳಗಿನ ಪಾಳಿಯವರವು ಒಂದು ಕಡೆ, ಸಂಜೆಯವರವು ಇನ್ನೊಂದು ಕಡೆ. ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿಯ ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಹನ್ನೊಂದು ಗಂಡಸರು ಇರುವ ಖೋಲಿಯಲ್ಲಿ ಬೆವರಿನ ವಾಸನೆಯಿಲ್ಲ, ಬೀಡಿಯ ತುಂಡಿಲ್ಲ, ಗೋಡೆಯಲ್ಲಿ ಒಂದು ತಿಗಣೆಯ ಕಲೆಯಿಲ್ಲ.

"ಇದೆಲ್ಲ ಯಾರು ಮಾಡುದು?" ಎಂದಳು. ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯ, ನರೆತ ತಲೆಯ ದೂಜ ಮುಂದೆ ಬಂದ.

"ಯಾರು ಅಂತ ಕೇಳ್ತೀರಾ ತಂಗಿ? ನಿಮ್ಮಪ್ಪ ಅಲ್ವಾ," ಎಂದ. "ಹೋಟೆಲಲ್ಲಿ ದಿನ ಇಡೀ ಪಾತ್ರೆ ತೊಳೆದು ಬಂದು ಇಲ್ಲಿ ಮತ್ತೆ ಇದು. ಇವತ್ತು ಬೆಳಿಗ್ಗೆ ಕೂಡ ನಳದಿಂದ ಎರಡನೇ ಬಾಲ್ದಿ ತಂದಿಟ್ಟು ಗೋಡೆಗೆ ಒರಗಿ ಕೂತರು. ಎಬ್ಬಿಸಿದ್ರೆ ಎಂತ ಉಂಟು, ಜೀವವೇ ಇಲ್ಲ. ನೀರು ಮಾತ್ರ ಒಂದು ಹನಿ ಚೆಲ್ಲಿರ್ಲಿಲ್ಲ."

ಯಾರನ್ನೋ ಕುರಿತು ಹೇಳುತ್ತಿದ್ದಾರೆ ಎನಿಸಿತು ವಿನೋದಿನಿಗೆ. ಬೇರೆ ಯಾರ ಮನೆಗೋ ಬಂದುಬಿಟ್ಟೆನೇನೋ ಎಂಬಂತೆ ಬಗ್ಗಿ ಹೆಣದ ಮುಖ ನೋಡಿದಳು. ಅವನೇ. ಎಡಹುಬ್ಬಿನ ಗಾಯದ ಗುರುತು ಹಾಗೇ ಇತ್ತು.

*

ಜೋಗೇಶ್ವರಿಯ ಚಾಳಿನಲ್ಲಿ ಅವಳಮ್ಮ ಅಕ್ಕು ದಿನಕ್ಕೆ ಎರಡು ಸಲ ನೆಲ ಒರೆಸುತ್ತಿದ್ದಳು. ಒಂದು ಬೆಳಿಗ್ಗೆ, ಇನ್ನೊಂದು ಸಂಜೆ ದೀಪ ಹಚ್ಚುವ ಮುಂಚೆ. ಸಂಜೆ ಒರೆಸುವ ಹೊತ್ತಿಗೇ ಕೊರಗಪ್ಪ ಶೇಂದಿ ಅಂಗಡಿಯಿಂದ ಬರುತ್ತಿದ್ದ. ಮಳೆಗಾಲದಲ್ಲಿ ಮೊಣಕಾಲವರೆಗೆ ಕೆಸರು.

"ನೆಲ ಒಣಗುವವರೆಗೆ ಒಂದು ಗಳಿಗೆ ಅಲ್ಲೇ ನಿಲ್ಲಿ," ಎನ್ನುತ್ತಿದ್ದಳು ಅಕ್ಕು. ಅದು ಜಗಳದ ದನಿಯಲ್ಲ, ಕೇಳಿಕೊಳ್ಳುವ ದನಿ.

ಅವನು ನಿಲ್ಲುತ್ತಿರಲಿಲ್ಲ. ಒದ್ದೆ ನೆಲದ ಮೇಲೆ ಹೆಜ್ಜೆ ಊರುತ್ತ ಸೀದಾ ಹೋಗಿ ಗೋಡೆಯ ಪಕ್ಕ ಬೀಳುತ್ತಿದ್ದ. ಕೆಲವು ದಿನ ಅಲ್ಲೇ ವಾಂತಿ. ಅಕ್ಕು ಮಾತಾಡದೆ ಬಟ್ಟೆ ಹಿಂಡಿ ಮತ್ತೆ ಮೊದಲಿನಿಂದ ಒರೆಸುತ್ತಿದ್ದಳು. ಉಂಡ ಬಟ್ಟಲನ್ನು ಅವನು ಎತ್ತಿದ್ದನ್ನು ವಿನೋದಿನಿ ಒಮ್ಮೆಯೂ ಕಂಡಿರಲಿಲ್ಲ. ಬಾಗಿಲ ಸಂದಿಯಲ್ಲಿ ಕೂತು ಆ ಕೆಸರಿನ ಹೆಜ್ಜೆಗಳನ್ನು ನೋಡುತ್ತ, ಇವನು ಒಂದು ದಿನ ಜಾರಿ ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದಳು. ಅವನು ಬೀಳಲಿಲ್ಲ.

ಅಕ್ಕು ತೀರಿಕೊಂಡದ್ದು ಮೂರು ದಿನದ ಜ್ವರದಲ್ಲಿ. ಆಗ ವಿನೋದಿನಿಗೆ ಒಂಬತ್ತು. ಹೆಣ ಎತ್ತುವಾಗಲೂ ಕೊರಗಪ್ಪ ಸರಿಯಾಗಿ ನಿಲ್ಲಲಾರದೆ ಇಬ್ಬರ ಹೆಗಲ ಮೇಲೆ ತೂಗುತ್ತಿದ್ದ. ಸೇವಂತಿ ಚಿಕ್ಕಮ್ಮ ಅಂದು ಸಂಜೆಯೇ ಹುಡುಗಿಯ ಕೈ ಹಿಡಿದು ಮುಲುಂಡಿಗೆ ಕರೆದುಕೊಂಡು ಹೋದಳು. ಒಂದೆರಡು ಸಲ ಅವನು ಅಲ್ಲಿಗೂ ಬಂದ. ವಿನೋದಿನಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಮದುವೆಯಾಗಿ ತನ್ನದೇ ಮನೆಯಾದ ಮೇಲೂ, ಗಂಡ ಗೊತ್ತಿಲ್ಲದೆ ಒದ್ದೆ ನೆಲ ತುಳಿದರೆ ಅವಳು ಒರೆಸುವ ಬಟ್ಟೆಯನ್ನು ಬಾಲ್ದಿಗೆ ಎಸೆದು ಎದ್ದುಬಿಡುತ್ತಿದ್ದಳು.

*

"ನೀ ಅವನ ಮಗಳೇನವ್ವಾ?" ಎನ್ನುತ್ತ ಪಕ್ಕದ ಖೋಲಿಯ ಕಾಶವ್ವ ಬಂದು ಹತ್ತಿರ ಕೂತಳು. ಬಿಜಾಪುರದ ಕಡೆಯ ವಿಧವೆ. ಈ ಚಾಳಿನಲ್ಲಿ ಎಲ್ಲರಿಗಿಂತ ಹಳಬಳು. ಅತ್ತು ಕಣ್ಣು ಕೆಂಪಾಗಿತ್ತು. "ಮಾರಿ ಹಂಗ ಐತಿ ನೋಡು. ಬಾಳ ಚೊಲೊ ಮನಶ್ಯಾ ಇದ್ದ ತಂಗಿ. ನನಗ ಜ್ವರ ಬಂದ್ರ ನನ್ನ ಮನಿ ಕಸಾನೂ ಅವನ ಹೊಡೀತಿದ್ದ. ಗಂಡಸು ಅಂತ ಒಂದು ದಿನ ನಾಚಿಗಿ ಇಲ್ಲ."

"ಯಾವಾಗ ಕಲಿತ?" ಎಂದಳು ವಿನೋದಿನಿ.

"ಬಂದ ಹೊಸದಾಗಿ ಏನೂ ಬರತಿರಲಿಲ್ಲ. ಒರಸೂ ಅರಿವಿ ಹಿಂಡಾಕೂ ಬರತಿರಲಿಲ್ಲ, ನೀರು ತೊಟ್ಟಿಕ್ಕಿಸಿಕೋತ ಖೋಲಿ ತುಂಬ ಓಡಾಡಾಂವ. ನನಗ ನಗಿ. ಒಂದು ದಿನ ಬಾಗಿಲಾಗ ಬಂದು ನಿಂತ. 'ಅಕ್ಕಾ, ಇದನ್ನ ಹ್ಯಾಂಗ ಮಾಡೂದು?' ಅಂದ. 'ನಿನ್ನ ಹೇಂತಿ ಹ್ಯಾಂಗ ಮಾಡತಿದ್ಲೊ ಹಂಗ ಮಾಡೋ ಮಾರಾಯ' ಅಂದ್ನಿ." ಕಾಶವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "'ನಾ ನೋಡಿಲ್ಲ ಅಕ್ಕಾ' ಅಂದ. ಹತ್ತು ವರ್ಷ ಸಂಸಾರ ಮಾಡಿ, ನೋಡಿಲ್ಲ ಅಂತ!"

ಚಟ್ಟಕ್ಕೆ ಬಿದಿರು ತರಲು ಹೋದ ಚಾಳಿನ ಹುಡುಗರು ಇನ್ನೂ ಬಂದಿರಲಿಲ್ಲ. ಕೆಳಗೆ ಬೀದಿಯಲ್ಲಿ ಹಳೆ ಬಟ್ಟೆಗೆ ಪಾತ್ರೆ ಕೊಡುವ ಭಾಂಡೆವಾಲಿಯೊಬ್ಬಳು ಕೂಗುತ್ತ ಹೋದಳು.

"ಕಣ್ಣಲ್ಲಿ ನೋಡದಿದ್ರೂ ಕಿವಿಯಲ್ಲಿ ಕೇಳಿದ್ರು," ಎಂದ ದೂಜ.

*

ಅದು ಅಕ್ಕು ಸತ್ತ ವರ್ಷ, ಸಾವಿರದ ಒಂಬೈನೂರ ಮೂವತ್ತೊಂಬತ್ತರ ಮಳೆಗಾಲ. ಖೋಲಿ ಆಗ ಹಂದಿಗೂಡಿನ ಹಾಗಿತ್ತು. ಯಾರ ಚಾಪೆ ಯಾರದೋ, ಯಾರ ಪಂಚೆ ಯಾರದೋ. ಎಂಜಲು ತಟ್ಟೆಯ ಮೇಲೆ ಜಿರಲೆ ಓಡಾಡುತ್ತಿದ್ದರೂ ಯಾರೂ ಏಳುತ್ತಿರಲಿಲ್ಲ. ಹೋಟೆಲಿನಲ್ಲಿ ಹದಿನಾರು ಗಂಟೆ ದುಡಿದು ಬಂದವರಿಗೆ ಬೆನ್ನು ಚಾಚಲು ಆರಡಿ ಜಾಗ ಸಿಕ್ಕರೆ ಸಾಕಿತ್ತು. ಅಲ್ಲಿಗೆ ಕೊರಗಪ್ಪ ಒಂದು ಟ್ರಂಕು ಹಿಡಿದು ಬಂದು, ಮೂಲೆಯಲ್ಲಿ ಹೊದ್ದು ಮಲಗಿದ. ನಾಲ್ಕು ದಿನ ಏಳಲಿಲ್ಲ. ಸತ್ತೇ ಹೋಗುತ್ತಾನೆಂದು ದೂಜ ಅಂದುಕೊಂಡಿದ್ದ.

ಐದನೆಯ ಬೆಳಿಗ್ಗೆ ಎದ್ದು ಕೂತು ಕೊರಗಪ್ಪ ಕೇಳಿದ್ದು ಒಂದೇ ಮಾತು: "ಇಲ್ಲಿ ಬೆಳಿಗ್ಗೆ ಎಂತ ಸದ್ದೇ ಆಗುದಿಲ್ಲವಾ?"

ದೂಜನಿಗೆ ಅರ್ಥವಾಗಲಿಲ್ಲ. ಮಾರನೆಯ ದಿನ ನಾಲ್ಕು ಗಂಟೆಗೆ ಸದ್ದಿಗೆ ಎಚ್ಚರವಾಯಿತು. ಕೊರಗಪ್ಪ ಕೊಡ ತಂದು ಕಲ್ಲಿನ ಮೇಲಿಟ್ಟಿದ್ದ. ಆಮೇಲೆ ಹಿಡಿಸೂಡಿ ಹಿಡಿದು ಗುಡಿಸಿದ. ಆಮೇಲೆ ಬೂದಿ ಹಾಕಿ ಪಾತ್ರೆ ತಿಕ್ಕಿದ. ಕೊನೆಗೆ ಬಟ್ಟೆ ಹಿಂಡಿದ. ಅರ್ಧಕ್ಕೆ ನಿಲ್ಲಿಸಿ, ಕಣ್ಣು ಮುಚ್ಚಿ, ಏನನ್ನೋ ನೆನೆಸಿಕೊಂಡು ಮುಂದಿನದಕ್ಕೆ ಕೈ ಹಾಕುತ್ತಿದ್ದ.

ಅದೇನೆಂದು ದೂಜನಿಗೆ ತಿಳಿದದ್ದು ವರ್ಷಗಳ ಮೇಲೆ, ಇಬ್ಬರೇ ಸೊಪ್ಪು ಸೋಸುತ್ತ ಕೂತಿದ್ದಾಗ. ಕುಡಿದ ಮಾರನೆಯ ಬೆಳಿಗ್ಗೆ ತಲೆ ಸಿಡಿಯುತ್ತಿದ್ದರೆ ಕೊರಗಪ್ಪ ಕಂಬಳಿ ಎಳೆದುಕೊಂಡು ಮಲಗಿರುತ್ತಿದ್ದ. ಕಣ್ಣು ಬಿಡುತ್ತಿರಲಿಲ್ಲ, ಆದರೆ ಕಿವಿಗೆ ಮುಚ್ಚಳವಿಲ್ಲವಲ್ಲ. ಕೊಡ, ಹಿಡಿಸೂಡಿ, ಬೂದಿ, ಬಟ್ಟೆ. ಆಮೇಲೆ ಬಳೆಯ ಸದ್ದು. ಆಗ ಅಕ್ಕು ಒಲೆ ಊದುತ್ತಿದ್ದಾಳೆಂದು ತಿಳಿಯಬೇಕು. ಹತ್ತು ವರ್ಷ ಆ ಸದ್ದಿಗೆ ಅವಳನ್ನು ಬೈದಿದ್ದ. ಅವಳು ಹೋದ ಮೇಲೆ ಅದಿಲ್ಲದೆ ಬೆಳಗಾಗುವುದೇ ಇಲ್ಲ ಎನ್ನಿಸಿತಂತೆ.

*

"ಕ್ರಮ ತಪ್ಪಲಿಕ್ಕೆ ಬಿಡ್ತಿರ್ಲಿಲ್ಲ," ಎಂದ ಸೀನ. "ನಾನು ಒಮ್ಮೆ ಗುಡಿಸುವ ಮೊದಲು ಪಾತ್ರೆ ತಿಕ್ಕಿಬಿಟ್ಟೆ. ಫಿರ್ ಸೆ ಮಾಡಿಸಿದ್ರು, ಪೂರಾ."

"ಕುಡಿತ ಬಿಡ್ಲಿಕ್ಕೆ ಮತ್ತೆರಡು ವರ್ಷ ಹೋಯ್ತು," ಎಂದ ದೂಜ. "ಸುಳ್ಳು ಯಾಕೆ ಹೇಳುದು. ಕುಡಿದ ದಿನವೂ ಒರೆಸ್ತಿದ್ರು, ಓರೆಕೋರೆಯಾಗಿ."

ಒಬ್ಬಿಬ್ಬರು ನಕ್ಕರು. ನಗುತ್ತಲೇ ಒಬ್ಬ ಮುಖ ಮುಚ್ಚಿಕೊಂಡ. ಆ ನಗುವನ್ನು ವಿನೋದಿನಿ ಸಹಿಸಲಾರದಾದಳು.

"ಆಗ ಎಲ್ಲಿಗೆ ಹೋಗಿದ್ದ?" ಎಂದಳು. ಎದ್ದು ನಿಂತಿದ್ದಳು. "ನಿಮಗೆಲ್ಲ ಒರೆಸಿ ಕೊಟ್ಟ. ತಿಕ್ಕಿ ಕೊಟ್ಟ. ನಮ್ಮಮ್ಮ ಸಾಯುವವರೆಗೆ ಕೇಳಿದ್ದು ಇಷ್ಟೇ, ಒಂದು ಗಳಿಗೆ ಹೊರಗೆ ನಿಲ್ಲಿ ಅಂತ. ಒಂದು ಗಳಿಗೆ! ಅದು ಆಗ್ಲಿಲ್ಲ ಇವನಿಗೆ. ಅವಳು ಸತ್ತ ಮೇಲೆ ಯಾರಿಗೆ ಬೇಕು ಇದು?"

ಹತ್ತು ಗಂಡಸರೂ ತಲೆ ತಗ್ಗಿಸಿದರು, ಆ ಕೆಸರಿನ ಕಾಲು ತಮ್ಮದೇ ಎಂಬಂತೆ.

"ಹೌದು ತಂಗಿ," ಎಂದ ದೂಜ. "ಯಾರಿಗೂ ಬೇಡ ಅದು."

ಅಷ್ಟಕ್ಕೇ ಅವಳ ಸಿಟ್ಟು ಕಾಲು ಮುರಿದುಕೊಂಡು ಕೂತಿತು. ಯಾರಾದರೂ ಎದುರಾಡಿದ್ದರೆ ಇನ್ನೂ ಹೇಳುವುದಿತ್ತು. ಗೋಡೆಗೊರಗಿ ಕುಸಿದಳು. ಒಂದು ವಾರದ ನಿದ್ದೆ ಒಮ್ಮೆಲೇ ಮೈಮೇಲೆ ಬಂದಂತಾಯಿತು.

ಬಿದಿರು ಬಂತು. ಚಟ್ಟ ಕಟ್ಟಿದರು. ಹೋಟೆಲಿನ ಧಣಿಗಳು ರಜೆ ಕೊಟ್ಟದ್ದು ನಾಲ್ಕು ಗಂಟೆಯವರೆಗೆ. ಸಂಜೆಯ ಚಹಾಕ್ಕೆ ಹೋಟೆಲು ತೆರೆಯಲೇಬೇಕು. ದೂಜ ಅವಳ ಮುಂದೆ ಬಂದು ಬಗ್ಗಿದ.

"ತಂಗಿ, ಬೆಂಕಿ ಕೊಡುದು ಯಾರು? ನಾನೇ ಅಂತ ಇವರೆಲ್ಲ ಹೇಳಿದ್ರು. ಆದ್ರೆ ನೀವು ಬಂದಿದ್ದೀರಿ. ನಿಮ್ಮ ಗಂಡನಿಗೆ ಹೇಳಿ ಕಳಿಸುದಾದ್ರೆ ಕಾಯ್ತೇವೆ. ನಾಲ್ಕು ಗಂಟೆದು ಬಿಡಿ, ಧಣಿಗಳಿಗೆ ನಾನು ಹೇಳ್ತೇನೆ."

ತುಳಸಿ ನೀರು ಬಿಡಲು ಅವಳನ್ನು ಕರೆದರು. ಬಾಯಿಗೆ ನೀರು ಬಿಡುವಾಗ ಎದೆಯ ಮೇಲೆ ಜೋಡಿಸಿಟ್ಟ ಕೈ ಕಂಡಿತು. ಬೆರಳ ಸಂದಿಯೆಲ್ಲ ನೀರು ತಿಂದು ಬೆಳ್ಳಗೆ ಬಿರಿದಿತ್ತು. ಉಗುರಿನ ಬುಡ ಸವೆದಿತ್ತು. ಆ ಕೈಯನ್ನು ಅವಳು ಬಲ್ಲಳು. ಒಂಬತ್ತು ವರ್ಷ ಅಂಥದೇ ಕೈಯಿಂದ ಉಂಡಿದ್ದಳು. ಬೂದಿಗೂ ನೀರಿಗೂ ಹೆಂಗಸು ಗಂಡಸು ಎಂಬ ಭೇದವಿರಲಿಲ್ಲ.

"ಬೆಂಕಿ ನೀವೇ ಕೊಡಿ," ಎಂದಳು ದೂಜನಿಗೆ. "ನೀವು ಹೇಳುವ ಮನುಷ್ಯ ನನಗೆ ಗೊತ್ತಿಲ್ಲ. ನಿಮಗೆ ಗೊತ್ತುಂಟಲ್ಲ."

ದೂಜ ತಲೆಯಾಡಿಸಿ, ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಂಡ. ಮೆಟ್ಟಿಲು ಕಡಿದಾಗಿತ್ತು. ಚಟ್ಟವನ್ನು ಓರೆ ಮಾಡಿ ಇಳಿಸುವಾಗ "ಸಾವಕಾಶ, ಸಾವಕಾಶ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಬಹಳ ಹೊತ್ತು ಕೇಳುತ್ತಿತ್ತು.

*

ಹೆಣ ಹೋದ ಮನೆ ತೊಳೆಯಬೇಕು. ಕಾಶವ್ವ ಸೊಂಟ ಹಿಡಿದುಕೊಂಡು ಏಳಲು ಹೊರಟಳು.

"ನೀವು ಕೂತ್ಕೊಳ್ಳಿ ಕಾಶವ್ವ," ಎಂದು ವಿನೋದಿನಿ ಸೆರಗು ಸಿಕ್ಕಿಸಿದಳು.

ಮೂಲೆಗಳಲ್ಲಿ ಕಸವೇ ಸಿಗಲಿಲ್ಲ. ಒಂದೊಂದೇ ಟ್ರಂಕು ಸರಿಸಿದಳು; ಅವುಗಳ ಅಡಿಯೂ ಸ್ವಚ್ಛ. ಸೀಮೆಎಣ್ಣೆಯ ಸ್ಟೋವಿನ ಹಿಂದೆ, ಮೋರಿಯ ತೂತಿನ ಸುತ್ತ, ಅಟ್ಟದ ಅಂಚಿನಲ್ಲಿ, ಎಲ್ಲಿ ಕೈಯಾಡಿಸಿದರೂ ಬೆರಳಿಗೆ ಏನೂ ಅಂಟಲಿಲ್ಲ. ತಾನು ಏನು ಹುಡುಕುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ನೀರು ಹೊಯ್ದಳು, ಬಳಿದಳು, ಬಟ್ಟೆ ಹಿಂಡಿ ಒರೆಸುತ್ತ ಹಿಂದೆ ಹಿಂದೆ ಸರಿದು ಹೊಸ್ತಿಲಿಗೆ ಬಂದಳು. ಸೊಂಟ ನೆಟ್ಟಗೆ ಮಾಡಲು ಬಾಗಿಲು ಹಿಡಿದು ನಿಂತು ಮೇಲೆ ನೋಡಿದಳು.

ಜೋಗೇಶ್ವರಿಯಲ್ಲಿ ಎಲ್ಲ ಕೆಲಸ ಮುಗಿದ ಮೇಲೆ ಅಮ್ಮ ಸ್ಟೂಲು ಹತ್ತಿ ಬಾಗಿಲ ಚೌಕಟ್ಟಿನ ಮೇಲಂಚನ್ನು ಒರೆಸುತ್ತಿದ್ದಳು. ಒದ್ದೆ ಬಟ್ಟೆ, ಹಳೆಯ ಸಾಗುವಾನಿ ಮರ. ಮಲಗಿದ ಗಂಡನ ಕಿವಿಗೆ ಒಂದು ಸದ್ದೂ ಬೀಳಬಾರದೆಂದು ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಉಸಿರು ಹಿಡಿದು ಒರೆಸುತ್ತಿದ್ದಳು.

ವಿನೋದಿನಿ ಒಂದು ಟ್ರಂಕನ್ನು ಎಳೆದು ತಂದು ಹತ್ತಿದಳು. ಚೌಕಟ್ಟಿನ ಮೇಲೆ ಕೈಯಿಟ್ಟಳು. ಧೂಳು ಕಂಬಳಿಯಷ್ಟು ದಪ್ಪ. ಹದಿನೇಳು ವರ್ಷದ್ದು, ಬೆರಳು ಹೂತುಹೋಗುವಷ್ಟು.

ಕೆಳಗಿಳಿದಳು. ಬಟ್ಟೆಯನ್ನು ಬಾಲ್ದಿಯಲ್ಲಿ ಅದ್ದಿ, ಮತ್ತೆ ಹತ್ತಿ, ಬಳೆಗಳನ್ನು ಮೇಲಕ್ಕೇರಿಸಿ, ಒಂದು ತುದಿಯಿಂದ ಶುರು ಮಾಡಿದಳು.

ಮಸಣದಲ್ಲೇ ಮಿಂದು ಬಂದ ಗಂಡಸರು ಮೆಟ್ಟಿಲು ಹತ್ತಿ ಬಂದಾಗ ಮೂರೂವರೆ ದಾಟಿತ್ತು. ಬಾಗಿಲ ಹೊರಗೆ ಒದ್ದೆ ಪಂಚೆಯಲ್ಲಿ ಸಾಲಾಗಿ ನಿಂತು ಮೇಲೆ ನೋಡಿದರು. ನೆಲ ಇನ್ನೂ ಒದ್ದೆಯಿತ್ತು; ಯಾರೂ ಹೊಸ್ತಿಲು ದಾಟಲಿಲ್ಲ. ಅವಳು ತಿರುಗಲಿಲ್ಲ. ಕಪ್ಪು ನೀರು ಅವಳ ಮುಂಗೈಯಿಂದ ಮೊಣಕೈಗೆ, ಮೊಣಕೈಯಿಂದ ರವಿಕೆಯ ತೋಳಿಗೆ ಇಳಿಯುತ್ತಿತ್ತು.