ಜೀರಿಗೆ ಬೆಡಗಿನ ಕಂಬಳಿ

ಹನ್ನೆರಡನೆಯ ದಿನ ಬೆಳಿಗ್ಗೆ ನಲ್ಲಿಗೆ ನೀರು ಬಂತು. ರಾಯಚೂರಿನ ಆ ಓಣಿಗೆ ಮೂರು ದಿನಕ್ಕೊಮ್ಮೆ ಬರುವ ನೀರು. ಯಾರ ಮನೆಯಲ್ಲಿ ಏನಾಗಿದೆ ಎಂದು ಕೇಳಿಕೊಂಡು ಬರುವಂಥದ್ದಲ್ಲ.

"ಲಲಿತಾ, ಏಳು ಬೇಟಾ, ನೀರು ಬಂದಾವ. ತಾಸಿನ ಮ್ಯಾಲ ನಿಲ್ಲಂಗಿಲ್ಲ," ಎಂದು ಮನೆಯೊಡತಿ ಕುಬ್ರಾ ಬೇಗಂ ಗೋಡೆಯಾಚೆಯಿಂದ ಕೂಗಿದಳು.

ಹಿಂದಿನ ದಿನ ಲಲಿತಾಳ ಗಂಡ ತೋಲೆರಾನ ದಿವಸದ ಊಟ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ್ದರು. ಲಲಿತಾ ಎದ್ದು ಹೋಗಿ ನಾಲ್ಕು ಕೊಡ ತುಂಬಿದಳು. ನೀಲಿ ಡ್ರಮ್ಮಿಗೆ ಪೈಪು ಹಾಕುವುದು ತೋಲೆರಾನ ಕೆಲಸವಾಗಿತ್ತು. ಅವಳು ಕೊಡಗಳ ಪಕ್ಕ ಸುಮ್ಮನೆ ನಿಂತಳು. ನೀರು ಮೋರಿಗೆ ಹರಿಯುತ್ತಿತ್ತು. ಅದನ್ನು ನೋಡುತ್ತಿದ್ದರೂ ನಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತೋಚಲಿಲ್ಲ.

ಒಳಗೆ, ಊರಿಗೆ ಹೋಗದೆ ಉಳಿದಿದ್ದ ಅವ್ವ ಯಂಕಮ್ಮ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿಯಿತು. ಅದರ ಹಿಂದೆಯೇ ಜೀರಿಗೆಯ ವಾಸನೆ ಎದ್ದಿತು. ಆ ಅಡುಗೆಮನೆಯಲ್ಲಿ ಮೂರು ವರ್ಷದಿಂದ ಜೀರಿಗೆ ಇರಲಿಲ್ಲ.

"ಜೀರಗಿ ಎಲ್ಲಿಂದ ತಂದೆವ್ವಾ?"

"ಕುಬ್ರಾಬಿ ಕೊಟ್ಟಳು. ಇನ್ನ ಯಾರಿಗಂತ ಬಿಡಬೇಕು?"

ಲಲಿತಾ ಒಳಗೆ ಬಂದು ಕೂತಳು. ತಟ್ಟೆ ಮುಂದೆ ಬಂದಾಗ ತಿಂದಳು. ನಾಲಿಗೆಗೆ ಏನೂ ತಿಳಿಯಲಿಲ್ಲ.

ಜೀರಿಗೆ ಬಿಟ್ಟವನು ತೋಲೆರಾ. ಇಥಿಯೋಪಿಯಾದವನು. ಲಲಿತಾ ದೇವದುರ್ಗದ ಕುರಿಯವರ ಮಗಳು, ರಾಯಚೂರಿನಲ್ಲಿ ಮಣ್ಣಿನ ಶಾಸ್ತ್ರ ಓದಿ ಆ ದೇಶದ ಕಾಲೇಜೊಂದಕ್ಕೆ ಪಾಠ ಹೇಳಲು ಹೋದವಳು. ಅದೇ ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಅವನು. ಅಲ್ಲಿಯೇ ರಿಜಿಸ್ಟರ್ ಮದುವೆಯಾದರು. ಆ ಕಡೆ ಗಲಭೆ ಹೆಚ್ಚಿ ಕಾಲೇಜು ಮುಚ್ಚಿದಾಗ ಇಬ್ಬರೂ ಈ ಕಡೆ ಬಂದರು. ಎರಡು ಪೆಟ್ಟಿಗೆ, ಕಾಫಿ ಕಾಯಿಸುವ ಒಂದು ಕರಿ ಮಣ್ಣಿನ ಗಿಂಡಿ, ಇಷ್ಟೇ ಸಾಮಾನು.

ಊರಲ್ಲಿ ರಿಜಿಸ್ಟರ್ ಕಾಗದ ಯಾರಿಗೆ ಬೇಕು? ದೇವದುರ್ಗದ ಹಿರಿಯರು ಕಂಬಳಿ ಹಾಸಿ ಕೂತರು. ಗಂಡಿನ ಬೆಡಗು ಯಾವುದು ಎಂದು ಕೇಳಿದರು. ಬೆಡಗು ಎಂದರೆ ಕುಲದೊಳಗಿನ ಬಳ್ಳಿ. ಒಂದೊಂದು ಬಳ್ಳಿಗೆ ಒಂದೊಂದು ಹೆಸರು, ಆ ಹೆಸರಿನ ವಸ್ತುವನ್ನು ಆ ಬಳ್ಳಿಯವರು ಬಾಯಿಗಿಡುವುದಿಲ್ಲ. ಬೆಡಗಿಲ್ಲದ ಗಂಡಿಗೆ ಹೆಣ್ಣು ಕೊಟ್ಟರೆ ನಾಳೆ ಹುಟ್ಟುವ ಕೂಸು ಯಾರ ಬಳ್ಳಿಯದು? ಅದೂ ಅಲ್ಲದೆ, ಗಂಡು ಕರ್ರಗೆ ಇದ್ದಾನೆ ಎಂದು ಒಬ್ಬ ಹಿರಿಯ ಮೂಗು ಮುರಿದ.

ಆಗ ಮಾತಾಡಿದವನು ಬಾಗಲವಾಡದ ಮಾಳಿಂಗಪ್ಪ. ಲಲಿತಾಳ ತೀರಿಹೋದ ಅಪ್ಪನ ಜೊತೆ ಕುರಿ ಕಾಯ್ದವನು. "ಕರೀ ಕಂಬಳಿ ಮ್ಯಾಲ ಕುಂತು ನ್ಯಾಯ ಹೇಳಾಕತ್ತೀಯಲ್ಲೋ ಹಿರಿಯಾ, ಅದನ್ನೇನು ಸುಣ್ಣದಾಗ ಅದ್ದೀಯೇನು?" ಎಂದ. ಕೂತವರೆಲ್ಲ ನಕ್ಕರು. ನಗು ಇಳಿದ ಮೇಲೆ ಹಿರಿಯರೇ ದಾರಿ ತೆಗೆದರು: "ಹಂಗಾದ್ರ ನಿನ್ನ ಬೆಡಗು ಈ ಕೆಲಸದ ಮಟ್ಟಿಗೆ ಕಡಾ ಕೊಡು ಮಾಳಿಂಗಪ್ಪ. ಹುಡುಗಿದು ಒಂದು ದಡಾ ಮುಟ್ಟಲಿ."

ಮಾಳಿಂಗಪ್ಪ ತನ್ನ ಮನೆಯ ಕಂಬಳಿಯನ್ನು ತೋಲೆರಾನ ಹೆಗಲಿಗೆ ಹೊದಿಸಿದ, ಹಣೆಗೆ ಭಂಡಾರ ಹಚ್ಚಿದ, ಅಂಗೈಯಲ್ಲಿ ನಾಲ್ಕು ಕಾಳು ಜೀರಿಗೆ ಇಟ್ಟು, ಇದು ನಮ್ಮ ಬೆಡಗು, ಬಾಯಿಗೆ ಹಾಕಬಾರದು ಎಂದ. ಇವರು ಹೇಳಿದ್ದೇನು ಎಂದು ತೋಲೆರಾ ಲಲಿತಾಳ ಮುಖ ನೋಡಿದ. "ನಿನ್ನನ್ನು ಮಗನಾಗಿ ತಗೊಂಡಿದ್ದಾರೆ," ಎಂದು ಅವಳು ಅವನ ಭಾಷೆಯಲ್ಲಿ ಹೇಳಿದಳು. ಕಡಾ, ಅಂದರೆ ಮುಂದೊಂದು ದಿನ ತಿರುಗಿ ಕೊಡಬೇಕಾದದ್ದು, ಎಂಬ ಮಾತನ್ನು ಬಿಟ್ಟಳು. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡಳು.

ಆ ಇನ್ನೊಂದು ದಿನ ಬರಲಿಲ್ಲ. ಅವನ ಜನರಲ್ಲಿ ಮಗನಾಗಿ ತೆಗೆದುಕೊಂಡವನನ್ನು ಮತ್ತೆ ಬಿಡುವ ಪದ್ಧತಿಯೇ ಇಲ್ಲವಂತೆ. ಹೆತ್ತ ಮಗನಿಗಿಂತ ಅವನ ಪಾಲು ಒಂದು ಕೈ ಮೇಲಂತೆ. ಮಾಳಿಂಗಪ್ಪನ ಮನೆಯವರೇ ಧಾಬಾದಲ್ಲಿ ಜೀರಾ ರೈಸು ತಿನ್ನುತ್ತಿದ್ದರು. ತೋಲೆರಾ ಮಾತ್ರ ಮುಟ್ಟುತ್ತಿರಲಿಲ್ಲ. ವರ್ಷಕ್ಕೊಮ್ಮೆ ವೀಸಾದ ಕಾಗದಕ್ಕೆ ಕಚೇರಿ ಅಲೆಯುವಾಗ, ಇಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದರೆ ಹೆಂಡತಿಗಿಂತ ಮೊದಲು ಬಾಗಲವಾಡದ ಹೆಸರು ಹೇಳುತ್ತಿದ್ದ. ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಸುಗ್ಗಿಯಲ್ಲಿ, ಕುರಿಯ ಉಣ್ಣೆ ಕತ್ತರಿಸುವ ದಿನಗಳಲ್ಲಿ ಬಾಗಲವಾಡಕ್ಕೆ ಹೋಗಿ ಇದ್ದುಬಿಡುತ್ತಿದ್ದ.

ಕಾಮಾಲೆ ಹನ್ನೊಂದೇ ದಿನದಲ್ಲಿ ಅವನನ್ನು ಮುಗಿಸಿತು. ಮಾಳಿಂಗಪ್ಪ ಜೀಪು ತಂದು ಹೆಣ ಒಯ್ದ. ತನ್ನ ಹಿರಿಯರ ಸಾಲಿನಲ್ಲಿ, ಹೊಲದ ಬೇವಿನ ಬುಡಕ್ಕೆ ಮಣ್ಣು ಮಾಡಿದ. ಆ ಸಂಜೆ ತೋಲೆರಾನ ತಾಯಿ ಅಷ್ಟು ದೂರದಿಂದ ಫೋನಿನಲ್ಲಿ ಒಂದೇ ಮಾತು ಕೇಳಿದಳು: ಮಣ್ಣು ಹಾಕಲು ಅವನವರು ಯಾರಾದರೂ ಇದ್ದರೇ?

"ಇದ್ದರು. ಅವನ ಅಪ್ಪ ಹಾಕಿದ," ಎಂದು ಲಲಿತಾ ಹೇಳಿದ್ದಳು. ಆ ಕಡೆ ಅಳು ಸ್ವಲ್ಪ ತಗ್ಗಿತ್ತು.

ತಟ್ಟೆ ತೊಳೆದಿಟ್ಟ ಮೇಲೂ ಯಂಕಮ್ಮ ಅಡುಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ.

"ಏನವ್ವಾ?"

"ಏನಿಲ್ಲ. ರಾಧಾನ ಮದಿವಿ ನಿಂತದ."

ರಾಧಾ ಮಾಳಿಂಗಪ್ಪನ ಒಬ್ಬಳೇ ಮಗಳು. ಮುಂದಿನ ತಿಂಗಳು ದೇವದುರ್ಗದ ಗಂಡಿನ ಜೊತೆ ಅವಳ ಮದುವೆ ಗೊತ್ತಾಗಿತ್ತು.

"ಬೀಗರು ಹೇಳಿ ಕಳಿಸ್ಯಾರ," ಎಂದಳು ಯಂಕಮ್ಮ. "ಸತ್ತಾಂವ ನಿಮ್ಮ ಮಗ ಅಂದ್ರ ವರ್ಷ ತುಂಬೋತನ ಆ ಮನಿ ಹೆಣ್ಣು ತರಂಗಿಲ್ಲ, ನಮ್ಮ ಹುಡುಗ ಅಲ್ಲೀತನ ಕಾಯಂಗೂ ಇಲ್ಲ. ಮಗ ಅಲ್ಲ ಅಂದ್ರ ಹೇಳಿದ ದಿನಕ್ಕ ಅಕ್ಕಿಕಾಳು ಹಾಕೋಣು, ಅಂತ."

"ಮಾವ ಏನಂದ?"

"ಏನಂತಾನ? ಮಗ ಅಂದಾನ. ಉಗುಳಿದ್ದು ನೆಕ್ಕಂಗಿಲ್ಲ ಅಂದಾನ. ಗಂಡಸೂರಿಗೇನು, ಮಾತು ಆಡಿ ಮೀಸಿ ತಿರುವ್ತಾರ. ಮನ್ಯಾಗ ಕುಂದ್ರಾಕಿ ಹುಡುಗಿ. ಇಪ್ಪತ್ತೆಂಟು ಆದವು."

ಇದು ಎರಡನೆಯ ಸಲ. ಮೂರು ವರ್ಷದ ಹಿಂದೆ ಮಾನ್ವಿಯ ಸಂಬಂಧವೊಂದು, ಆ ಮನೆಯವರು ಪರದೇಶದವನನ್ನು ಒಳಗೆ ತಗೊಂಡಿದ್ದಾರೆ ಎಂಬ ಕಾರಣಕ್ಕೇ ಹಿಂದೆ ಸರಿದಿತ್ತು. ರಾಧಾ ಆಗ ನಕ್ಕಿದ್ದಳು. "ನಿನ್ನಿಂದ ಒಂದು ಗಂಡು ಹೋತಲ್ಲೋ ಅಣ್ಣಾ. ನೀನ ಹುಡುಕಿ ಕೊಡು, ನಿಮ್ಮ ದೇಶದಾಗರ," ಎಂದು ತೋಲೆರಾನ ಬೆನ್ನಿಗೆ ಗುದ್ದಿದ್ದಳು. ಅವನು ಅದನ್ನು ನಿಜವೆಂದೇ ತಿಳಿದು ವಾರವಿಡೀ ಯೋಚಿಸಿದ್ದ.

"ಇದನ್ನ ಹೇಳಾಕಂತ ಉಳದಿಯೇನು?"

ಯಂಕಮ್ಮ ಸೆರಗಿನ ತುದಿ ನೋಡಿದಳು. "ನೀರಿಗಂತ ಉಳದೆ," ಎಂದಳು.

ಕಂಬಳಿ ಮಂಚದ ಮೇಲಿತ್ತು. ಹಿರಿಯರ ಮುಂದೆ ಮಾಳಿಂಗಪ್ಪ ಹೊದಿಸಿದ ಅದೇ ಕಂಬಳಿ. ಜ್ವರದಲ್ಲಿ ನಡುಗುವಾಗ ಅವನು ಅದನ್ನೇ ಬೇಡಿದ್ದ. ಕಂಬಳಿಗೆ ಮೈಲಿಗೆ ಇಲ್ಲ ಎನ್ನುತ್ತಾರೆ, ಅದಕ್ಕೇ ಅದನ್ನು ಯಾರೂ ತೊಳೆದಿರಲಿಲ್ಲ. ಅವನು ಹೋದ ಮೇಲಿನ ಹನ್ನೊಂದು ರಾತ್ರಿ ಲಲಿತಾ ಅದರ ಅಂಚನ್ನು ಮೂಗಿಗೆ ಒತ್ತಿಕೊಂಡು ಮಲಗಿದ್ದಳು. ಉಣ್ಣೆಯ ವಾಸನೆ, ಔಷಧದ ವಾಸನೆ, ಇವೆರಡರ ಕೆಳಗೆ ಅವನದು. ಕಂಬಳಿ ತಿರುಗಿ ಹೋದರೆ ಕಡಾ ತಂದ ಬೆಡಗೂ ಹೋದಂತೆ, ಆಮೇಲೆ ಅವನು ಆ ಮನೆಯ ಮಗನಲ್ಲ. ಈಗ ಅದನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡಳು.

"ನಾನೂ ಬರ್ತೀನಿ," ಎಂದಳು ಯಂಕಮ್ಮ.

"ಬ್ಯಾಡವ್ವಾ."

ಮಾನ್ವಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು. "ಕೈನೂಲು. ಈಗೆಲ್ಲಿ ಸಿಗತಾವ್ರಿ ಇಂಥವು? ಮಾರಾಕೇನು?"

"ಅಲ್ಲ. ಕೊಟ್ಟು ಬರಾಕ."

"ನಾನಾಗಿದ್ರ ಕೊಡ್ತಿದ್ದಿಲ್ಲವ್ವಾ," ಎಂದು ಹೆಂಗಸು ಅಂಚು ಬಿಟ್ಟಳು.

ಮಾನ್ವಿಯಲ್ಲಿ ಇಳಿದು ಟಂಟಂ ಆಟೋ ಹತ್ತಿದಳು. ಬಾಗಲವಾಡ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾಳಿಂಗಪ್ಪ ಕಟ್ಟೆಯ ಮೇಲೆ ಕೂತು ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ. ಅವಳ ಕಂಕುಳಲ್ಲಿದ್ದದ್ದು ಕಣ್ಣಿಗೆ ಬಿದ್ದದ್ದೇ ಕದಿರು ನಿಂತಿತು.

ಅವನ ಹೆಂಡತಿ ಹುಲಿಗೆಮ್ಮ ಒಳಗಿನಿಂದ ಓಡಿ ಬಂದಳು. "ತಿಂಗಳ ತುಂಬಿಲ್ಲ, ಹಿಂಗ ಹೊರಗ ಬರ್ತಾರೇನ ಯವ್ವಾ? ಫೋನ ಮಾಡಿದ್ರ ನಾವು ಬರ್ತಿದ್ದಿಲ್ಲೇನು?"

ರಾಧಾ ಚೊಂಬಿನಲ್ಲಿ ನೀರು ತಂದಳು. "ತಗೋ ವೈನಿ," ಎಂದಳು. ಕಣ್ಣು ಬಾತಿದ್ದವು. ಅಣ್ಣನಿಗಾಗಿ ಅತ್ತದ್ದೋ ಮದುವೆಗಾಗಿ ಅತ್ತದ್ದೋ, ಲಲಿತಾ ವಿಂಗಡಿಸಲು ಹೋಗಲಿಲ್ಲ. ರಾಧಾ ಚೊಂಬು ಕೊಟ್ಟವಳೇ ಹೊಸ್ತಿಲಿಗೆ ಸರಿದಳು.

"ಏನದು?" ಎಂದ ಮಾಳಿಂಗಪ್ಪ.

"ನಿಮ್ಮದು."

"ಕೇಳಿದವರು ಯಾರು?"

"ಯಾರೂ ಕೇಳಿಲ್ಲ ಮಾವಾ."

"ಕೇಳಲಾರದ ಸಾಮಾನು ಹೊತಗೊಂಡು ಬರೋದು ಯಾವೂರ ರೀತಿ?"

"ಕಡಾ ತಂದದ್ದು ಕೇಳೋತನ ಇಟಗೋಬಾರದು ಅಂತಿದ್ದ ನಮ್ಮಪ್ಪ."

ಮಾಳಿಂಗಪ್ಪ ಉಣ್ಣೆಯ ಉಂಡೆಯನ್ನು ಪಕ್ಕಕ್ಕಿಟ್ಟ. "ಅಂವ ಕಡಾ ಅಂತ ತಿಳಕೊಂಡಿದ್ದಿಲ್ಲ," ಎಂದ.

"ಇಲ್ಲ. ನಾ ಹೇಳಿದ್ದಿಲ್ಲ."

"ಹೇಳಿದ್ದಿಲ್ಲ?"

"ಮಗ ಮಾಡಿಕೊಂಡಾರ ಅಂತ ಹೇಳಿದ್ದೆ. ಅಷ್ಟ ಹೇಳಿದ್ದೆ."

ಹುಲಿಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಳಿಂಗಪ್ಪ ತಲೆ ಎತ್ತಲಿಲ್ಲ. "ಹೋದ ಸುಗ್ಗ್ಯಾಗ ನಮ್ಮ ಹಿರಿಯರ ಹೆಸರು ಏಳು ತಲಿ ತನ ಬರಕೊಂಡು ಹೋಗಿದ್ದ," ಎಂದ. "ಬಾಯಿಪಾಠ ಮಾಡ್ತೀನಿ ಅಂದಿದ್ದ. ನನಗ ಐದರ ಮ್ಯಾಲ ಗೊತ್ತಿಲ್ಲ. ಉಳಿದವೆರಡು ಮುದುಕರ ಕಡೆ ಕೇಳಿ ಹೇಳಿದೆ."

"ಮಾಡಿದ್ದ," ಎಂದಳು ಲಲಿತಾ. "ದವಾಖಾನ್ಯಾಗೂ ಹೇಳತಿದ್ದ."

ದೊಡ್ಡಿಯಲ್ಲಿ ಒಂದು ಮರಿ ಕೂಗಿ ಸುಮ್ಮನಾಯಿತು.

"ಅಂವ ಹೊಲದಾಗ ಅದಾನಲ್ಲ, ಅಲ್ಲೇ ಇರ್ಲಿ," ಎಂದ ಮಾಳಿಂಗಪ್ಪ. ಹೇಳಿದ ಮೇಲೆ, ಕಂಬಳಿ ತಗೊಳ್ಳಲು ತಾನು ಒಪ್ಪಿದಂತಾಯಿತೆಂದು ಅವನಿಗೇ ತಿಳಿದಂತೆ ಉಣ್ಣೆಯ ಉಂಡೆಯನ್ನು ಇನ್ನಷ್ಟು ದೂರ ಸರಿಸಿದ. "ಕಲ್ಲಿಗೆ ಹೇಳಿ ಬಂದೀನಿ. ತೋಲೆರಾ ಮಾಳಿಂಗಪ್ಪ ಅಂತ ಕೆತ್ತಾಕ ಹೇಳಿದ್ದೆ. ಈಗ ಏನು ಬರಸೋಣು?"

ತೋಲೆರಾನ ದೇಶದಲ್ಲಿ ಮನೆತನದ ಹೆಸರಿಲ್ಲ. ಮಗನ ಹೆಸರಿನ ನಂತರ ಅಪ್ಪನ ಹೆಸರು, ಅಷ್ಟೇ. ಅಲ್ಲಿನ ಅಪ್ಪ ಸತ್ತು ಇಪ್ಪತ್ತು ವರ್ಷ. ಅವನ ಹೆಸರನ್ನು ಈ ಊರಿನ ಕಲ್ಲಿನ ಮೇಲೆ ಓದುವವರಿಲ್ಲ.

"ತೋಲೆರಾ ಅಂತ," ಎಂದಳು ಲಲಿತಾ. "ಅಷ್ಟ."

ಅವಳು ಎದ್ದು ನಿಂತು ಕಂಬಳಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಕಡಾ ತಂದ ಸಾಮಾನು ತಿರುಗಿ ಕೊಡುವಾಗ ಹೇಳುವ ಮಾತೊಂದಿದೆ: ನಿಮ್ಮದು ನಿಮಗೆ ಮುಟ್ಟಿತು. ಅದನ್ನು ಹೇಳಬೇಕಿತ್ತು. ಹೇಳುವ ಮೊದಲು ಒಂದು ಉಸಿರಿನಷ್ಟು ಹೊತ್ತು ಕಾದಳು. ಬೀಗರ ಮುಂದೆ ಮೀಸೆ ತಿರುವಿದ ಮನುಷ್ಯ ಈಗ ಬ್ಯಾಡ ಅನ್ನಲಿ, ಹೊತಗೊಂಡು ಹೋಗು ಅಂತ ಗದರಲಿ, ಒಂದೇ ಒಂದು ಸಲ. ಮನೆಯಿಂದ ಬರುವಾಗ ಇದಕ್ಕೆಂದೇ ಬಂದಿದ್ದಳೇನೋ ಎಂದು ಅವಳಿಗೆ ಆಗ ಅನ್ನಿಸಿತು.

ಮಾಳಿಂಗಪ್ಪ ಒಮ್ಮೆ ಮಗಳು ನಿಂತಿದ್ದ ಹೊಸ್ತಿಲ ಕಡೆ ನೋಡಿದ. ಆಮೇಲೆ ಕಟ್ಟೆಯಿಂದ ಇಳಿದು ಎರಡೂ ಕೈ ಚಾಚಿದ.

"ನಿಮ್ಮದು ನಿಮಗ ಮುಟ್ಟಿತು," ಎಂದಳು ಲಲಿತಾ.

"ಮುಟ್ಟಿತವ್ವಾ," ಎಂದ ಅವನು.

ಅವನು ಅದನ್ನು ಬಿಚ್ಚಲಿಲ್ಲ, ಕೊಡವಲಿಲ್ಲ. ಮಡಿಕೆ ಕೆಡದ ಹಾಗೆ ಹಿಡಿದು ಒಳಗೆ ನಡೆದ. ರಾಧಾ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಒಳಗೆ ಗಳುವಿನ ಮೇಲೆ ಮನೆಯವರ ಕಂಬಳಿಗಳು ಸಾಲಾಗಿ ನೇತಾಡುತ್ತಿದ್ದವು. ನಡುವೆ ಒಂದು ಜಾಗ ಖಾಲಿ ಇತ್ತು. ಅವನು ಅದನ್ನು ಅಲ್ಲಿ ಹಾಕಿದ.