ಎಂಬತ್ತೈದು ದಾಟಿದವರು

ಹನ್ನೆರಡು ರಾಜ್ಯಗಳ ಸರ್ಕಾರಿ ನೌಕರರ ಪಿಂಚಣಿಯನ್ನು ಒಂದೇ ಹಾಳೆಯ ಮೇಲೆ ಸಾಲಾಗಿ ನಿಲ್ಲಿಸಿ, ಯಾರು ಎತ್ತರ ಯಾರು ಕುಳ್ಳ ಎಂದು ಹೇಳುವುದು ನನ್ನ ಕೆಲಸ. ಏನು ಕೆಲಸ ಎಂದು ಕೇಳಿದವರಿಗೆ ಇದನ್ನು ವಿವರಿಸತೊಡಗಿದರೆ, ಅವರಿಗೆ ತಟ್ಟನೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಹೋಗಲಿ ಬಿಡಿ, ನನಗಂತೂ ಇದರಷ್ಟು ರುಚಿಯಾದ ಕೆಲಸ ಇನ್ನೊಂದಿಲ್ಲ. ಗುಡ್ಡದ ರಾಜ್ಯದಲ್ಲಿ ಬೆಂಕಿ ಆರಿಸುವವರು ಐವತ್ತಕ್ಕೇ ಮನೆಗೆ ಹೋಗಬಹುದು, ಮೇಷ್ಟ್ರುಗಳು ಮಾತ್ರ ಅರವತ್ತೆರಡರವರೆಗೆ ಸೀಮೆಸುಣ್ಣದ ಪುಡಿ ನುಂಗಬೇಕು. ಕಡಲ ತೀರದ ರಾಜ್ಯದಲ್ಲಿ ಬೆಲೆ ಏರಿದರೆ ಪಿಂಚಣಿಯೂ ಏರುತ್ತದೆ. ಪಕ್ಕದ ರಾಜ್ಯದಲ್ಲಿ ಬೆಲೆ ಏರಿದರೆ ನೌಕರರ ಸಂಘದ ಧ್ವನಿಯಷ್ಟೇ ಏರುತ್ತದೆ. ಇನ್ನೊಂದು ರಾಜ್ಯವಂತೂ ಹೊಸದಾಗಿ ಸೇರಿದವರಿಗೆ 'ನಿಮ್ಮ ಖಾತೆ, ನಿಮ್ಮ ಹಣೆಬರಹ' ಎಂದು ಕೈ ತೊಳೆದುಕೊಂಡುಬಿಟ್ಟಿದೆ. ಆದರೆ ಎಲ್ಲರ ಕಣ್ಣು ಇರುವುದು ಕೊನೆಯ ಸಾಲಿನ ಮೇಲೆ. ಮುಂದೆ ಕೊಡುತ್ತೇವೆಂದು ಮಾತು ಕೊಟ್ಟ ಪ್ರತಿ ನೂರು ರೂಪಾಯಿಗೆ ಇವತ್ತು ನಿಧಿಯಲ್ಲಿ ಎಷ್ಟು ಕೂಡಿದೆ ಎಂದು ಅದು ಹೇಳುತ್ತದೆ.

ಈ ವರ್ಷ ನಮ್ಮ ರಾಜ್ಯದ ಮುಂದೆ ನೂರಾನಾಲ್ಕು ಎಂದು ಬಂದಿತ್ತು. ಹನ್ನೆರಡರಲ್ಲಿ ನಾವೇ ಮೊದಲು!

ಪಿಂಚಣಿ ಮಂಡಳಿಯ ಕಟ್ಟಡದಲ್ಲಿ ಅವತ್ತು ಯಾರ ಕಾಲೂ ನೆಲದ ಮೇಲಿರಲಿಲ್ಲ. ಲಿಫ್ಟ್ ನಡೆಸುವವನು ಕೂಡ ಕೇಳದೆಯೇ ಮೂರನೇ ಮಹಡಿಗೆ ಕರೆದೊಯ್ದು ನನಗೆ ಸಲಾಮು ಹೊಡೆದ. ಹಂಡೆ ತುಂಬಿ ಹರಿಯುತ್ತಿರುವಾಗ ಮತ್ತೆ ನೀರು ಸುರಿಯುವುದೇಕೆ, ಮೂರು ವರ್ಷ ಸರ್ಕಾರ ತನ್ನ ಪಾಲಿನ ವಂತಿಗೆ ಕಟ್ಟುವುದು ಬೇಡ ಎಂದು ಅಧ್ಯಕ್ಷರು ತೀರ್ಮಾನಿಸಿದರು. ಗುರುವಾರ ಹನ್ನೊಂದಕ್ಕೆ ಸಭೆ. ನಾನು ಪಟ್ಟಿ ಓದುವುದು, ಅಧ್ಯಕ್ಷರೂ ಸದಸ್ಯರೂ ಕೈ ಎತ್ತುವುದು, ಮುಗಿಯಿತು. ಆಮೇಲೆ ನನಗೆ ಬಡ್ತಿ, ಬಡ್ತಿಯ ಜೊತೆ ಕಿಟಕಿಯಿರುವ ಕೋಣೆ. ಇಪ್ಪತ್ತೆರಡು ವರ್ಷ ಗೋಡೆ ನೋಡುತ್ತ ಕೂತವಳಿಗೆ ಕಿಟಕಿಯೆಂದರೆ ಏನೆಂದು ಬೇರೆಯವರಿಗೆ ಗೊತ್ತಾಗಲಾರದು.

ಮಂಗಳವಾರ ಸಂಜೆ ಭಾಷಣ ಅಭ್ಯಾಸ ಮಾಡಲು ಪಟ್ಟಿಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಸಭಿಕರು ಒಬ್ಬರೇ, ನನ್ನ ಅತ್ತೆ. ತೊಂಬತ್ತೊಂದು ವರ್ಷ. ಮೂವತ್ತಾರು ವರ್ಷ ರಾಜ್ಯ ಸರ್ಕಾರದ ಟೆಲಿಫೋನ್ ಆಪರೇಟರ್ ಆಗಿ ಊರಿಗೆಲ್ಲ ಲೈನ್ ಕೊಟ್ಟವರು, ಇದೇ ನಿಧಿಯಿಂದ ಪಿಂಚಣಿ ಪಡೆಯುವವರು. ನಿವೃತ್ತಿಯಾದ ಮೇಲೂ ಯಾರ ನಂಬರನ್ನೂ ಮರೆತವರಲ್ಲ, ಯಾರ ಮಾತನ್ನೂ ಪೂರ್ತಿ ನಂಬಿದವರೂ ಅಲ್ಲ.

ನಾನು ಕೈ ಬೀಸಿ ಬೀಸಿ ಓದಿ ಮುಗಿಸಿದೆ. ಅತ್ತೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಕೇಳಿದರು:

"ಅದೆಲ್ಲ ಸರಿ ಕಣೇ, ಇದರಲ್ಲಿ ನಾನೆಲ್ಲಿದೀನಿ?"

"ನೀವು ಇಲ್ಲಿರಲ್ಲ ಅತ್ತೆ. ಇದರ ಹಿಂದೆ ಇನ್ನೊಂದು ಲೆಕ್ಕ ಇದೆ. ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕ್ತಾರೆ ಅಂತ. ಅಷ್ಟು ವರ್ಷದ ಪಿಂಚಣಿಗೆ ಈಗಲೇ ಕೂಡಿಡಬೇಕಲ್ಲ, ಅದಕ್ಕೆ. ಬನ್ನಿ, ತೋರಿಸ್ತೀನಿ."

ಜಂಬದಿಂದ ಕಂಪ್ಯೂಟರ್ ತೆರೆದೆ. ಎಂಬತ್ತಮೂರು, ಎಂಬತ್ತನಾಲ್ಕು, ಎಂಬತ್ತೈದು. ಅದರ ಕೆಳಗೆ ಖಾಲಿ. ಮೇಲೆ ಹೋದೆ, ಕೆಳಗೆ ಬಂದೆ. ಖಾಲಿಯೇ. ಖಾಲಿಯೆಂದರೆ ಯಂತ್ರದ ಭಾಷೆಯಲ್ಲಿ ಸೊನ್ನೆ. ನಮ್ಮ ರಾಜ್ಯದ ನೌಕರರೆಲ್ಲ ಎಂಬತ್ತೈದು ತುಂಬಿದ ದಿನ ಒಬ್ಬರೂ ಬಿಡದೆ, ಶಿಸ್ತಾಗಿ, ತೀರಿಕೊಳ್ಳುತ್ತಿದ್ದರು. ಗಾಬರಿಯಿಂದ ಉಳಿದ ಹನ್ನೊಂದು ರಾಜ್ಯಗಳ ಕಡತ ತೆರೆದು ನೋಡಿದೆ. ಎಲ್ಲರದ್ದೂ ನೂರಾಹತ್ತರವರೆಗೆ ಇತ್ತು. ಗುಡ್ಡದ ರಾಜ್ಯದವರಿಗೆ ಆಸೆ ಜಾಸ್ತಿ, ನೂರಿಪ್ಪತ್ತು.

"ಸಿಕ್ಕಿದ್ನಾ ನಾನು?" ಎಂದರು ಅತ್ತೆ.

"ಇಲ್ಲ ಅತ್ತೆ. ನೀವು... ಲೆಕ್ಕದ ಪ್ರಕಾರ ನೀವು ಆರು ವರ್ಷದ ಹಿಂದೆ ಹೋಗಿಬಿಟ್ಟಿದೀರ."

ಅತ್ತೆ ನಕ್ಕ ನಗುವಿಗೆ ಬಿಸ್ಕತ್ತು ಚಹಾದಲ್ಲಿ ಮುಳುಗಿಹೋಯಿತು. ಬಿಕ್ಕಳಿಕೆ ಬಂತು, ಕನ್ನಡಕ ಜಾರಿತು, ನಗು ಮಾತ್ರ ನಿಲ್ಲಲಿಲ್ಲ. ಒಳಗಿನಿಂದ ಓಡಿ ಬಂದ ನನ್ನ ಗಂಡನಿಗೆ, "ನೋಡೋ, ನಿನ್ನ ಹೆಂಡತಿ ನನ್ನನ್ನ ಸಾಯಿಸಿ ಆರು ವರ್ಷ ಆಯ್ತಂತೆ! ದಿನಾ ಅಡುಗೆ ಮಾಡಿ ಹಾಕ್ತಿರೋದು ಯಾರಿಗೆ ಅಂತ ಕೇಳು!" ಎಂದರು. ಹೆಂಡತಿಗೂ ಅಮ್ಮನಿಗೂ ನಡುವೆ ಬಾಯಿ ಹಾಕಬಾರದೆಂಬ ಬುದ್ಧಿ ಅವರಿಗೆ ಯಾವತ್ತೋ ಬಂದಿದೆ. ಬಂದ ದಾರಿಯಲ್ಲೇ ವಾಪಸಾದರು.

ಬುಧವಾರ ಬಾಗಿಲು ತೆರೆಯುವ ಮೊದಲೇ ಕಚೇರಿಯಲ್ಲಿದ್ದೆ. ಕಪಾಟಿನ ತಳದಿಂದ ಹಳೆಯ ಕಡತ ಎಳೆದು, ಆಯುಷ್ಯದ ಪಟ್ಟಿಯ ಮೂಲ ಹಾಳೆಯನ್ನು ಕೈಗೆತ್ತಿಕೊಂಡೆ. ಎಂಬತ್ತೈದಕ್ಕೆ ಪುಟ ಮುಗಿದಿತ್ತು. ಕೆಳಗೆ ಚಿಕ್ಕ ಅಕ್ಷರದಲ್ಲಿ 'ಹಿಂಬದಿ ನೋಡಿ' ಎಂದಿತ್ತು. ತಿರುವಿದೆ. ಎಂಬತ್ತಾರರಿಂದ ನೂರಾಹತ್ತರವರೆಗೆ, ಎಲ್ಲರೂ ಅಲ್ಲಿ ಬೆಚ್ಚಗೆ ಕೂತಿದ್ದರು. ಕಂಪ್ಯೂಟರಿಗೆ ತುಂಬಿಸಿದ ಯಾವನೋ ಪುಣ್ಯಾತ್ಮ ಹಾಳೆಯನ್ನು ತಿರುವಿಯೇ ಇರಲಿಲ್ಲ! ಅವನ ಏಳು ತಲೆಮಾರನ್ನು ಬಯ್ಯುತ್ತ, ತುಂಬಿಸಿದವರ ಸಹಿ ಎಲ್ಲಿದೆ ಎಂದು ಹುಡುಕಿದೆ. ಅಂಚಿನಲ್ಲಿತ್ತು. ದುಂಡಗೆ, ಮುದ್ದಾಗಿ, ಕೊನೆಯಲ್ಲೊಂದು ಹೂವಿನಂಥ ಸುರುಳಿ.

ನನ್ನದೇ ಸಹಿ. ಕೆಲಸಕ್ಕೆ ಸೇರಿದ ಮೊದಲ ವಾರದ್ದು.

ಒಂದು ಗಂಟೆ ಕೂತು ಹಿಂಬದಿಯನ್ನೂ ಸೇರಿಸಿ ಅಂದಾಜು ಲೆಕ್ಕ ಹಾಕಿದೆ. ಈಗಿನ ಮುದುಕರದ್ದಷ್ಟೇ ಅಲ್ಲ, ಇಂದು ಅರವತ್ತಾದವರ ಮುಂದಿನ ವರ್ಷಗಳೂ ಕತ್ತರಿಸಿಹೋಗಿದ್ದವು. ನೂರಾನಾಲ್ಕು ಇದ್ದದ್ದು ಎಪ್ಪತ್ತೊಂಬತ್ತಾಯಿತು. ಮೊದಲ ಸ್ಥಾನ ಹೋಗಿ ಒಂಬತ್ತನೆಯದು ಬಂತು. ಇಂಥ ಹಂಡೆಗೆ ಮೂರು ವರ್ಷ ನೀರು ಸುರಿಯದಿದ್ದರೆ, ಕೊನೆಗೆ ತಳ ಕೆರೆಯಬೇಕಾಗುವುದು ಅತ್ತೆಯಂಥವರೇ.

ನನ್ನ ಮೇಲಧಿಕಾರಿಯನ್ನು ನಾವು ಆಯ್ತುಬಿಡಿ ಸಾಹೇಬರು ಎನ್ನುತ್ತೇವೆ. ಯಾವ ಕಷ್ಟ ಹೇಳಿಕೊಂಡರೂ ಅವರ ಬಾಯಿಂದ ಬರುವ ಉತ್ತರ ಅದೊಂದೇ.

"ಎಂಬತ್ತೈದು ದಾಟಿದೋರು ಎಷ್ಟು ಜನ ಇರ್ತಾರೆ? ಕೈಬೆರಳಲ್ಲಿ ಎಣಿಸಬಹುದು. ಆಯ್ತು ಬಿಡಿ" ಎಂದರು. ಮತ್ತೆ ತಲೆಯೆತ್ತಿ, "ಅಂದಹಾಗೆ, ಅದನ್ನ ತುಂಬಿಸಿದ್ದು ಯಾರು?" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿಯೇ ಹಾಳೆಯ ಅಂಚಿನ ಮೇಲೆ ಹೋಗಿ ಸಹಿಯನ್ನು ಮುಚ್ಚಿತು. "ಹಳೇ ಕಾಲದ್ದು ಸಾರ್, ಸರಿಯಾಗಿ ಕಾಣಿಸ್ತಿಲ್ಲ" ಎಂದುಬಿಟ್ಟೆ. ಹೀಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಕೈಬೆರಳು ಎಷ್ಟೆಂದು ನೋಡೋಣವೆಂದು ನೆಲಮಹಡಿಗೆ ಇಳಿದೆ. ಅಲ್ಲೊಂದು ಕಿಟಕಿಯಿದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಬಂದು, ಮುಖ ತೋರಿಸಿ, ತಾವು ಬದುಕಿರುವುದಾಗಿ ಸಹಿ ಮಾಡಬೇಕು. ಎಂಬತ್ತು ದಾಟಿದವರಿಗೆ ನೂಕುನುಗ್ಗಲು ಬೇಡವೆಂದು ಗುರುವಾರವನ್ನೇ ಮೀಸಲಿಟ್ಟಿದ್ದಾರೆ. ಕಿಟಕಿಯ ಗುಮಾಸ್ತೆ ದಫ್ತರ ನೋಡಿ, "ಎಂಬತ್ತೈದು ದಾಟಿದೋರಾ? ನಾಲ್ಕು ಸಾವಿರದ ಆರುನೂರಾ ಹನ್ನೆರಡು" ಎಂದಳು. "ಯಾಕೆ ಮೇಡಂ, ಮೇಲ್ಗಡೆ ಏನಾದ್ರೂ ತೊಂದರೆನಾ?"

"ಇಲ್ಲಮ್ಮ. ನೀನು ಬದುಕಿಸಿದೋರನ್ನೆಲ್ಲ ನಾನು ಮೂರನೇ ಮಹಡೀಲಿ ಸಾಯಿಸ್ತಾ ಕೂತಿದ್ದೆ ಅಷ್ಟೆ."

ಸಂಜೆ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಸಹಿಯನ್ನೂ, ಅದರ ಮೇಲೆ ಕೈ ಇಟ್ಟದ್ದನ್ನೂ. ಹೇಳಿದರೆ ಬಡ್ತಿ ಹೋಗುತ್ತದೆ, ಕಿಟಕಿ ಹೋಗುತ್ತದೆ, ಕೆಲಸಕ್ಕೇ ಸಂಚಕಾರ ಬಂದರೂ ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ನನ್ನದು ಒಂದು ಹಾಳೆಗೆ ಹೋಗುವುದರಲ್ಲಿತ್ತು. ಅತ್ತೆ ಬಯ್ಯುತ್ತಾರೆಂದುಕೊಂಡೆ. ಅವರು ಫೋನನ್ನು ಮಡಿಲಿಗೆಳೆದುಕೊಂಡರು.

"ನಾಳೆ ಗುರುವಾರ. ನಾನೂ ಮುಖ ತೋರಿಸೋಕೆ ಬರಬೇಕು. ಒಬ್ಬಳೇ ಬಂದು ಏನ್ ಮಾಡ್ಲಿ? ಗೊತ್ತಿರೋರನ್ನ ಕರೀತೀನಿ. ನೀನು ಮೇಲೆ ನಿಜ ಹೇಳಿದ್ರೆ ನಾವು ಬಾಗಿಲ ಹತ್ರ ಇರ್ತೀವಿ. ಹೇಳದೇ ಇದ್ರೆ ಸಹಿ ಹಾಕಿ ಮನೆಗೆ ಬರ್ತೀವಿ. ಯಾವುದಾದ್ರೂ ನಾನೇನೂ ಅನ್ನಲ್ಲ. ಅದು ನಿಂಗೆ ಬಿಟ್ಟಿದ್ದು."

ಆಮೇಲೆ ಒಂದೂ ನಂಬರನ್ನು ಪುಸ್ತಕದಲ್ಲಿ ನೋಡದೆ ಡಯಲ್ ಮಾಡತೊಡಗಿದರು. ಮೊದಲ ಕರೆ ಹೋದದ್ದು ಅವರ ಹಳೆಯ ಗೆಳತಿ ಹೆಡ್ಮಿಸ್ಸಿಗೆ. ಎಂಬತ್ತೆಂಟು ವರ್ಷದ ಈ ನಿವೃತ್ತ ಮುಖ್ಯೋಪಾಧ್ಯಾಯಿನಿ, 'ನನ್ನ ಮಗ ಪಿಂಚಣಿ ಮಂಡಳಿ ಅಧ್ಯಕ್ಷ' ಎಂದು ಹಾಲು ಹಾಕುವವನಿಗೂ ದಿನಾ ಹೇಳುವವರು.

ಗುರುವಾರ ಸಭಾಂಗಣದಲ್ಲಿ 'ನಾವೇ ಮೊದಲು' ಎಂಬ ಬ್ಯಾನರ್ ಕಟ್ಟಿದ್ದರು. ಅದರ ಕೆಳಗೇ ನನ್ನ ಮೈಕು. ಹನ್ನೊಂದು ರಾಜ್ಯಗಳನ್ನು ಓದಿ ಮುಗಿಸಿದೆ. ಉಳಿದದ್ದು ನಮ್ಮದೊಂದೇ. ನೂರಾನಾಲ್ಕು ಎಂದರೆ ಮುಗಿಯಿತು, ಒಂದೇ ಪದ. ಬಿಸ್ಕತ್ತು ಮುಳುಗಿದ ಲೋಟ ಕಣ್ಣ ಮುಂದೆ ಬಂತು.

"ಎಪ್ಪತ್ತೊಂಬತ್ತು" ಎಂದೆ. "ನಾವು ಮೊದಲಲ್ಲ, ಒಂಬತ್ತನೆಯವರು. ಇಪ್ಪತ್ತೆರಡು ವರ್ಷದ ಹಿಂದೆ ಆಯುಷ್ಯದ ಪಟ್ಟಿ ತುಂಬಿಸುವಾಗ ನಾನು ಹಾಳೆ ತಿರುವಿ ನೋಡಲಿಲ್ಲ. ತಪ್ಪು ನನ್ನದೇ. ಸಹಿಯೂ ನನ್ನದೇ."

ಹೇಳಿದ್ದೇ ತಡ, ಮೈ ಹಗುರಾಗಿ ಬ್ಯಾನರಿನಷ್ಟು ಎತ್ತರ ಹಾರಿದಂತಾಯಿತು! ಇಷ್ಟು ಸುಲಭವೆಂದು ಗೊತ್ತಿದ್ದರೆ ಇನ್ನೂ ನಾಲ್ಕು ತಪ್ಪು ಒಪ್ಪಿಕೊಳ್ಳುತ್ತಿದ್ದೆ. ಆಯ್ತುಬಿಡಿ ಸಾಹೇಬರ ಬಾಯಿ ತೆರೆಯಿತು, ಆದರೆ ಹುಟ್ಟಿದಂದಿನಿಂದ ಮೊದಲ ಸಲ ಆ ಎರಡು ಪದ ಹೊರಬರಲಿಲ್ಲ.

ಅಧ್ಯಕ್ಷರು ಸಿಡುಕಿದರು. "ಎಂಬತ್ತೈದು ದಾಟಿದ ನಾಲ್ಕು ಜನಕ್ಕೋಸ್ಕರ ಇಷ್ಟು ದೊಡ್ಡ ನಿರ್ಧಾರ ಬಿಡೋಕಾಗುತ್ತಾ? ಎಲ್ಲಿದಾರೆ ಅವರು?"

ನಾನು ಹೋಗಿ ಬಾಗಿಲು ತೆರೆದೆ.

ಕಾರಿಡಾರಿನ ಉದ್ದಕ್ಕೂ, ಲಿಫ್ಟ್ ದಾಟಿ, ಮೆಟ್ಟಿಲಿಳಿದು, ಸಾಲು ಎಲ್ಲಿ ಮುಗಿಯುತ್ತದೋ ಕಾಣುತ್ತಿರಲಿಲ್ಲ. ಕೋಲುಗಳು, ಗಾಲಿಕುರ್ಚಿಗಳು, ಕಿವಿಯ ಯಂತ್ರಗಳು. ನಿವೃತ್ತ ಅಗ್ನಿಶಾಮಕರೊಬ್ಬರು ಹಳೆಯ ಹೆಲ್ಮೆಟ್ಟನ್ನೇ ಹಾಕಿಕೊಂಡು ಬಂದಿದ್ದರು. ಎಲ್ಲರಿಗಿಂತ ಮುಂದೆ ಅತ್ತೆ, ಅವರ ತೋಳು ಹಿಡಿದು ಹೆಡ್ಮಿಸ್ಸು.

"ನನ್ನನ್ನ ಯಾವಾಗ ಸಾಯಿಸಿದ್ಯೋ ಮಗನೇ?" ಎಂದರು ಹೆಡ್ಮಿಸ್ಸು, ಹಿಂದಿನ ಬೆಂಚಿನವರೆಗೂ ಕೇಳುವ ಧ್ವನಿಯಲ್ಲಿ. "ಮೂರು ವರ್ಷ ಆಯ್ತಂತೆ. ನಂಗೊಂದು ಮಾತು ಹೇಳೋದಲ್ವಾ?"

ಅಧ್ಯಕ್ಷರು ಎದ್ದು ನಿಂತರು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಸಭಾಂಗಣವೂ ಕಾರಿಡಾರೂ ಒಟ್ಟಿಗೆ ನಕ್ಕವು. ಅಗ್ನಿಶಾಮಕರ ಹೆಲ್ಮೆಟ್ಟು ಉರುಳಿ ಬಿತ್ತು, ಅಧ್ಯಕ್ಷರೇ ಎತ್ತಿಕೊಟ್ಟರು. ವಂತಿಗೆ ನಿಲ್ಲಿಸುವ ನಿರ್ಣಯಕ್ಕೆ ಒಂದು ಕೈಯೂ ಏಳಲಿಲ್ಲ. ಅಮ್ಮ ಎದುರಿಗಿದ್ದಾಗ ಯಾವ ಮಗ ತಾನೇ ಎತ್ತಿಯಾನು?

ಬಡ್ತಿ ಹೋಯಿತು. ಕಿಟಕಿಯ ಕೋಣೆಯಲ್ಲಿ ಈಗ ಜೆರಾಕ್ಸ್ ಯಂತ್ರ ಕೂತಿದೆ. ಕೆಲಸ ಉಳಿಯಿತು, ಒಂದು ಶಿಕ್ಷೆಯೊಂದಿಗೆ. ಹಾಳೆಯ ಹಿಂಬದಿಯನ್ನು ನಾನೇ ತುಂಬಿಸಿ ಸೋಮವಾರ ಬೆಳಿಗ್ಗೆ ಒಪ್ಪಿಸಬೇಕು.

ಭಾನುವಾರ ಮಧ್ಯಾಹ್ನ ಅದೇ ಊಟದ ಮೇಜಿಗೆ ಕೂತೆವು. ಅತ್ತೆ ತಮ್ಮ ಹಳೆಯ ಎಕ್ಸ್‌ಚೇಂಜಿನ ಧ್ವನಿಯಲ್ಲಿ ಒಂದೊಂದೇ ಅಂಕಿ ಬಿಡಿಸಿ ಓದಿದರು, ನಾನು ಒತ್ತಿದೆ. ಎಂಬತ್ತಾರು, ಎಂಬತ್ತೇಳು. ತೊಂಬತ್ತೊಂದರ ಹತ್ತಿರ ಧ್ವನಿ ನಿಂತಿತು. ನಾನು ಬಗ್ಗಿ ನೋಡಿದೆ. ತೊಂಬತ್ತೊಂದರ ಹೆಂಗಸಿಗೆ ಇನ್ನು ನಾಲ್ಕು ವರ್ಷ, ಒಂದು ತಿಂಗಳು.

ಇಪ್ಪತ್ತೆರಡು ವರ್ಷ ಇಂಥ ಅಂಕಿಗಳ ಜೊತೆ ಬಾಳಿದ್ದೇನೆ, ಒಂದೂ ನನ್ನನ್ನು ಮುಟ್ಟಿರಲಿಲ್ಲ. ಇದು ಮುಟ್ಟಿತು. ಬೆರಳು ಮೇಲೇಳಲಿಲ್ಲ, ಕಣ್ಣು ಮಂಜಾಯಿತು. ಈ ಮುದುಕಿಯಿಲ್ಲದೆ ನಾನು ಭಾಷಣವನ್ನು ಯಾರ ಮುಂದೆ ಅಭ್ಯಾಸ ಮಾಡಲಿ?

"ಪಕ್ಕದ ರಾಜ್ಯದಲ್ಲಿ ಎಷ್ಟಿದೆ?" ಎಂದರು ಅತ್ತೆ.

"ನಾಲ್ಕು ವರ್ಷ ಐದು ತಿಂಗಳು."

"ನಾಲ್ಕು ತಿಂಗಳಿಗೋಸ್ಕರ ಸಾಮಾನು ಕಟ್ಟೋದು ಬೇಡ ಬಿಡು." ಹಾಳೆಯನ್ನು ಕೆಳಗಿಟ್ಟು ನನ್ನ ಕೆನ್ನೆ ತಟ್ಟಿದರು. "ಅಳ್ತೀಯಾಕೆ ಹುಚ್ಚಿ? ಮೊನ್ನೆವರೆಗೂ ಸೊನ್ನೆ ಇತ್ತು. ಈಗ ನಾಲ್ಕು ವರ್ಷದ ಮೇಲೆ ಒಂದು ತಿಂಗಳು ಕೊಟ್ಟಿದೀಯ. ಯಾವ ಸೊಸೆ ಅತ್ತೆಗೆ ಇಷ್ಟು ಕೊಡ್ತಾಳೆ? ಒತ್ತು, ಒತ್ತು. ಇನ್ನೂ ತೊಂಬತ್ತೆರಡರೋರು ಕಾಯ್ತಿದಾರೆ."